ಇಡೀ ಪಂಕ್ತಿಗೊಂದು ಕಂಪ್ಯೂಟರ್

ಮೊದಲೇ ಹೇಳಿಬಿಡುತ್ತೇನೆ, ನನಗೆ ಮೂಗಿನ ತುದಿಯಲ್ಲೇ ಕೋಪ. ಸರಸ್ವತಿಪುರಂನ ಗಿರಿಜಾಂಬಾ ಅವರ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಯಾರನ್ನಾದರೂ ಕೇಳಿ, ರಮಾಮಣಿ ಮೇಡಂ ಹೆಸರು ಹೇಳಿದರೆ ಇವತ್ತಿಗೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ನನ್ನ ಮೇಜಿನ ಮೇಲೆ ಅಂಗೈಯಲ್ಲಿ ಒತ್ತಿದರೆ ಠಣ್ ಎನ್ನುವ ಒಂದು ಹಿತ್ತಾಳೆ ಬೆಲ್ ಇರುತ್ತಿತ್ತು. ಅದು ಹೊಡೆಯುವ ಮುಂಚೆ ಯಾರೂ ಒಂದಕ್ಷರ ಕುಟ್ಟುವಂತಿಲ್ಲ, ಹೊಡೆದ ಮೇಲೆ ಯಾರೂ ಸುಮ್ಮನೆ ಕೂರುವಂತಿಲ್ಲ. ಡಾಕ್ಟರ ಮಗಳಾಗಲಿ, ಹೂ ಮಾರುವವಳ ಮಗಳಾಗಲಿ, ಎಲ್ಲರ ಬೆರಳೂ ಒಟ್ಟಿಗೇ ಬೀಳಬೇಕು. ಪರೀಕ್ಷೆಯಲ್ಲಿ ಹಾಗೆ ತಾನೇ?

ಆದರೆ ಎರಡು ಸಾವಿರದ ನಾಲ್ಕನೇ ಇಸವಿಯ ಹೊತ್ತಿಗೆ ಕಲಿಯಲು ಬರುವವರೇ ಕಡಿಮೆಯಾಗಿದ್ದರು. ಮೆಟ್ಟಿಲು ಹತ್ತಿ ಬಂದ ಹುಡುಗಿಯರು ಸಾಲಾಗಿ ಕೂತ ಟೈಪ್‌ರೈಟರುಗಳನ್ನು ನೋಡಿ, "ಕಂಪ್ಯೂಟರ್ ಇಲ್ವಾ ಆಂಟಿ?" ಎಂದು ಕೇಳಿ ಇಳಿದುಹೋಗುತ್ತಿದ್ದರು. ಆಂಟಿಯಂತೆ! ನಾನೇನು ಅವರ ಪಕ್ಕದ ಮನೆಯವಳೇ?

ಗಿರಿಜಾಂಬಾ ಮಾತ್ರ ಕೋಪ ಮಾಡಿಕೊಳ್ಳಲಿಲ್ಲ. ಎಪ್ಪತ್ತು ದಾಟಿದ ಜೀವ, ಹಣೆಯ ಮೇಲೆ ಮೂರು ಗೆರೆ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ. ಈ ಇನ್‌ಸ್ಟಿಟ್ಯೂಟನ್ನು ಕಟ್ಟಿದವರೇ ಅವರು. ನಾನು ಅವರಿಗೆ ಕೆಲಸದವಳೂ ಹೌದು, ತಂಗಿಯೂ ಹೌದು.

"ಬಸವ ಜಯಂತಿ ದಿನ ಪೂಜೆ ಮಾಡಿ ಕಂಪ್ಯೂಟರ್ ಕ್ಲಾಸ್ ಶುರು ಮಾಡ್ಬುಡೋಣ ಕಣೇ ರಮಾ" ಎಂದರು ಒಂದು ದಿನ. "ಬೇಸಿಗೆ ರಜ, ಹುಡುಗ್ರು ಬತ್ತಾರೆ."

"ಬ್ಯಾಚಿಗೆ ಇಪ್ಪತ್ತು ಜನ, ಇಪ್ಪತ್ತು ಕಂಪ್ಯೂಟರ್ ಎಲ್ಲಿಂದ ತರೋದು ಅಕ್ಕಾ?" ಎಂದು ನಾನು ಕೇಳಿದೆ.

ಅದಕ್ಕೆ ಉತ್ತರ ತಂದವಳು ಲಹರಿ. ನನ್ನ ಹಳೆಯ ಶಿಷ್ಯೆ, ಆಗ ಇಲವಾಲದ ಕಡೆ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಊರಿನ ಒಂದು ಕಚೇರಿ ತನ್ನ ಹಳೆಯ ಕಂಪ್ಯೂಟರುಗಳನ್ನು ಸುಮ್ಮನೆ ಕೊಟ್ಟುಬಿಡುತ್ತಿದೆ ಎಂದು ಸುದ್ದಿ ಹಿಡಿದು, ಗೂಡ್ಸ್ ಆಟೋದಲ್ಲಿ ಹೇರಿಸಿಕೊಂಡೇ ಬಂದಳು. ಟೈಪ್‌ರೈಟರುಗಳನ್ನು ಕೆಳಗಿನ ಕೋಣೆಗೆ ಇಳಿಸಿದೆವು, ಮಹಡಿಯ ಹಾಲ್ ಇಪ್ಪತ್ತು ಕಂಪ್ಯೂಟರಿನಿಂದ ತುಂಬಿಹೋಯಿತು. ಅವುಗಳನ್ನು ನೋಡಲು ಬಂದ ವಿಶ್ವನಾಥ್, ನಮ್ಮ ರಸ್ತೆಯ ತಿರುವಿನಲ್ಲೇ ಕಂಪ್ಯೂಟರ್ ಅಂಗಡಿ ಇಟ್ಟವನು, ಒಂದರ ಮುಚ್ಚಳ ತೆಗೆದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಮ್ಮಾವ್ರೇ, ಇದ್ರಲ್ಲಿ ಹಾರ್ಡ್ ಡಿಸ್ಕೇ ಇಲ್ಲ! ಕಿತ್ಕೊಂಡು ಕೊಟ್ಟವ್ರೆ. ಇವು ಗುಜರಿ ಕಣ್ರೀ."

"ಇಲ್ದೇ ಇರೋದೇ ಒಳ್ಳೇದು" ಎಂದಳು ಲಹರಿ. "ಮೇಡಂ, ಒಂದೇ ಒಂದು ಗಟ್ಟಿ ಕಂಪ್ಯೂಟರ್ ತಂದು ಮೂಲೇಲಿಟ್ಟು, ಅದರಿಂದ ಇಪ್ಪತ್ತಕ್ಕೂ ವೈರ್ ಎಳೆದ್ರೆ ಆಯ್ತು. ಕೆಲಸ ಎಲ್ಲಾ ಅಲ್ಲೇ ನಡೆಯುತ್ತೆ. ಇವು ಬರೀ ಪರದೆ, ಕೀಬೋರ್ಡು ಅಷ್ಟೆ. ಆ ಗಟ್ಟಿ ಕಂಪ್ಯೂಟರಿಗೆ ಸರ್ವರ್ ಅಂತಾರೆ."

ಅಬ್ಬಬ್ಬಾ, ನನಗೆ ರೋಮಾಂಚನವಾಯಿತು! ಸತ್ತವು ಎಂದುಕೊಂಡ ಇಪ್ಪತ್ತು ಯಂತ್ರಗಳು ಒಂದೇ ಯಂತ್ರದಿಂದ ಎದ್ದು ಕೂರುತ್ತವೆ ಎಂದರೆ ಸಾಮಾನ್ಯವೇ? ಅವತ್ತಿನಿಂದ ನನಗೆ ಬೇರೆ ಧ್ಯಾನವೇ ಇರಲಿಲ್ಲ. ರಾಮಕೃಷ್ಣನಗರದ ಮನೆಯಿಂದ ಸಿಟಿ ಬಸ್ಸಿನಲ್ಲಿ ಬರುವಾಗಲೂ ಸರ್ವರ್, ಸಾರಿಗೆ ಒಗ್ಗರಣೆ ಹಾಕುವಾಗಲೂ ಸರ್ವರ್.

ವಿಶ್ವನಾಥನಿಗೂ ಆಸೆ ಹುಟ್ಟಿತು. ಕರಿ ಬಣ್ಣದ, ಸೊಂಟದೆತ್ತರದ, ದೊಡ್ಡ ಕಂಪನಿಯ ಹೆಸರಿದ್ದ ಒಂದು ಸರ್ವರನ್ನು ಆಳುಗಳ ಕೈಲಿ ಹೊರಿಸಿಕೊಂಡು ಬಂದ. ಒಳಗೆ ಎರಡು ಪ್ರೊಸೆಸರ್ ಅಂತೆ. ಅದರ ಮುಂದೆ ನಿಂತರೆ ಕೈಮುಗಿಯಬೇಕು ಅನ್ನಿಸುತ್ತಿತ್ತು.

"ಒಂದು ವಾರ ಇಟ್ಕೊಂಡು ನೋಡಿ, ಒಪ್ಪಿಗೆ ಆದ್ರೆ ಇಟ್ಕೊಳ್ಳಿ" ಎಂದ. "ಇದನ್ನ ಇಟ್ಬುಟ್ರೆ ಹತ್ತು ವರ್ಷ ತಿರುಗಿ ನೋಡಂಗಿಲ್ಲ."

ವೈರ್ ಎಳೆದರು. ಒಂದೊಂದು ಹಳೆಯ ಕಂಪ್ಯೂಟರಿಗೂ ಲಹರಿ ಒಂದೊಂದು ಫ್ಲಾಪಿ ಹಾಕಿದಳು. ಸ್ವಿಚ್ ಒತ್ತಿದರೆ ಆ ಫ್ಲಾಪಿ ಕರ್‌ಕರ್ ಎಂದು ಸರ್ವರನ್ನು ಕೂಗುತ್ತದೆ, ಸರ್ವರ್ ಓಗೊಟ್ಟು ಪರದೆಯನ್ನು ಕಳಿಸುತ್ತದೆ. ಮೊದಲ ದಿನ ಬೆಳಿಗ್ಗೆ, ಕ್ಲಾಸಿಗೆ ಹೆಸರು ಕೊಟ್ಟಿದ್ದ ಕೆಲವು ಹುಡುಗಿಯರು ಪರೀಕ್ಷಿಸಿ ನೋಡಲು ಬಂದರು. ಒಬ್ಬಳು ಬಂದು ಕೂತಳು, ಬರೆಯುವ ಪ್ರೋಗ್ರಾಮ್ ತೆರೆದಳು. ಆಮೇಲೆ ಇನ್ನೊಬ್ಬಳು. ಏನು ಚೆಂದ ನಡೆಯಿತು ಅಂತೀರಿ! ಬೆಣ್ಣೆಯಲ್ಲಿ ಕೂದಲು ತೆಗೆದಂತೆ. ಗಿರಿಜಾಂಬಾ ವಿಶ್ವನಾಥನಿಗೆ ಕಾಫಿ ತರಿಸಿದರು.

ಮಾರನೆಯ ದಿನ ಇಡೀ ಬ್ಯಾಚ್ ಬಂತು. ಇಪ್ಪತ್ತೂ ಕುರ್ಚಿ ತುಂಬಿತು. ನಾನು ಎಂದಿನಂತೆ ನನ್ನ ಮೇಜಿನ ಹಿಂದೆ ನಿಂತು, ಎಲ್ಲರ ಬೆನ್ನೂ ನೆಟ್ಟಗಿದೆಯೇ ಎಂದು ನೋಡಿ, "ಲಹರಿ ತೋರಿಸಿದ ಆ ಬರೆಯೋ ಪ್ರೋಗ್ರಾಮ್ ಚಿತ್ರದ ಮೇಲೆ ಬಾಣ ತಂದು, ಮೌಸ್ ಮೇಲೆ ಕೈ ಇಟ್ಕೊಳ್ಳಿ. ಬೆಲ್ ಆಗೋ ತನಕ ಯಾರೂ ಒತ್ತಬಾರದು" ಎಂದೆ. ಬೆಲ್ ಹೊಡೆದೆ.

ಇಪ್ಪತ್ತು ಬೆರಳು ಒಟ್ಟಿಗೇ ಬಿದ್ದವು. ಇಪ್ಪತ್ತು ಪರದೆಯೂ ಕಲ್ಲಾಗಿ ನಿಂತವು. ಮೂಲೆಯಲ್ಲಿದ್ದ ಕರಿ ಸರ್ವರ್ ಒಳಗಿನಿಂದ ಗರಗರ ಎಂದು ಏದುಸಿರು ಬಿಡತೊಡಗಿತು. ಕಾದೆವು. ಮುಂದಿನ ಸಾಲಿನ ಬಿಂದುಶ್ರೀ, ಬಾಯಿ ಸುಮ್ಮನಿರದ ಹುಡುಗಿ, "ಮೇಡಂ, ಇದು ಮಲಗ್ಬುಡ್ತು" ಎಂದಳು. ಅದು ನಿಜವಾಗಿಯೂ ಏಳಲಿಲ್ಲ.

ವಿಶ್ವನಾಥ್ ಓಡಿಬಂದ. ಏನಾಯಿತೆಂದು ಕೇಳಿ ಹಣೆ ಚಚ್ಚಿಕೊಂಡ. "ಏನ್ ಮೇಡಂ ಇದು? ಬೆಲ್ ಹೊಡೆದು ಯಾರಾದ್ರೂ ಕಂಪ್ಯೂಟರ್ ಕಲಿಸ್ತಾರಾ? ಐದೈದು ಜನ ಬರ್ಲಿ, ಅವರವರ ಟೈಮಿಗೆ ಬಂದು ಅವರವರ ಕೆಲಸ ಮಾಡ್ಕೊಂಡು ಹೋಗ್ಲಿ. ಎಲ್ಲಾ ಕಡೆ ಹಂಗೇ. ನಮ್ಮ ಅಂಗಡಿ ಹುಡುಗ್ರು ನೋಡ್ಕೊತಾರೆ. ಮುಂದೆ ನಿಂತ್ಕೊಂಡು ಹೇಳೋ ಟೀಚರೇ ಬೇಕಾಗಲ್ಲ."

ನನ್ನ ಪಿತ್ತ ನೆತ್ತಿಗೇರಿತು. "ನನ್ನ ಕ್ಲಾಸಲ್ಲಿ ಒಬ್ಬಳಿಗಿಂತ ಒಬ್ಬಳು ಮುಂಚೆ ಶುರು ಮಾಡಿದ್ದು ಇಲ್ಲ ಕಣ್ರೀ! ನಿಮ್ಮ ಡಬ್ಬಕ್ಕೆ ಆಗದಿದ್ರೆ ಡಬ್ಬ ಬದಲಾಯಿಸಿ, ನನ್ನನ್ನಲ್ಲ!"

"ರಮಾ, ಸ್ವಲ್ಪ ಸುಮ್ನಿರು" ಎಂದರು ಗಿರಿಜಾಂಬಾ. ಅವರ ದನಿಯಲ್ಲಿ ಸುಸ್ತಿತ್ತು. "ವಿಶ್ವನಾಥ ಹೇಳೋದ್ರಲ್ಲಿ ತಪ್ಪೇನಿಲ್ಲ. ಬಸವ ಜಯಂತಿ ತನಕ ನೋಡೋಣ. ಇಪ್ಪತ್ತು ಜನಾನೂ ಒಟ್ಟಿಗೆ ಕೂತು ಒಟ್ಟಿಗೆ ಶುರು ಮಾಡೋ ಹಂಗಿದ್ರೆ ಸರಿ, ಮುಂದೆ ನೀನೇ ನಿಂತ್ಕೊ. ಇಲ್ದಿದ್ರೆ ಐದೈದು ಜನ, ಅವನ ಹುಡುಗ್ರು ನೋಡ್ಕೊಳ್ಳಲಿ. ನೀನು ಕೆಳಗೆ ಟೈಪ್‌ರೈಟರ್ ಇರೋ ತನಕ ಇರು."

ಟೈಪ್‌ರೈಟರ್ ಇರೋ ತನಕ! ಅದು ಇನ್ನೆಷ್ಟು ದಿನ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕಣ್ಣಲ್ಲಿ ನೀರು ಬಂತು. ತೋರಿಸಿಕೊಳ್ಳುವವಳಲ್ಲ ನಾನು, ಕಿಟಕಿ ಮುಚ್ಚುವ ನೆಪದಲ್ಲಿ ಒರೆಸಿಕೊಂಡೆ.

ಸಂಜೆ ಕಾಲೇಜು ಮುಗಿಸಿ ಬಂದ ಲಹರಿಯನ್ನು ಹಿಡಿದು ಕೂರಿಸಿದೆ. "ಅದರ ಹೊಟ್ಟೇಲಿ ಏನಿದೆ, ಯಾವುದು ಯಾಕೆ ಬೇಕು, ನನಗೆ ಬಿಡಿಸಿ ಹೇಳು. ಇಂಗ್ಲಿಷಲ್ಲಿ ಹೆದರಿಸಬೇಡ."

"ಹಾರ್ಡ್ ಡಿಸ್ಕ್ ಅಂದ್ರೆ ಎಲ್ಲಾ ತುಂಬಿಡೋ ಜಾಗ ಮೇಡಂ. ಮೆಮೊರಿ ಅಂದ್ರೆ ಅದನ್ನ ತೆಗೆದು ಹರವಿಕೊಂಡು ಕೆಲಸ ಮಾಡೋ ಜಾಗ. ಪ್ರೊಸೆಸರ್ ಅಂದ್ರೆ ಕೆಲಸ ಮಾಡೋನು."

"ಅಂದ್ರೆ ಉಗ್ರಾಣ, ಅಡಿಗೆ ಕಟ್ಟೆ, ಭಟ್ಟರು."

ಲಹರಿ ನನ್ನ ಮುಖವನ್ನೇ ನೋಡಿದಳು. "ಹೂಂ ಮೇಡಂ, ಹಾಗೇ!"

"ಈ ಕರೀದ್ರಲ್ಲಿ ಭಟ್ಟರು ಇಬ್ಬರು. ಕಟ್ಟೆ ಎಷ್ಟಗಲ?"

"ಚಿಕ್ಕದು. ಐದಾರು ಜನಕ್ಕೆ ಸಾಕು. ಕಟ್ಟೆ ತುಂಬಿಹೋದ್ರೆ ಪಾತ್ರೆಗಳನ್ನ ಮತ್ತೆ ಉಗ್ರಾಣಕ್ಕೇ ಸಾಗಿಸ್ತಾ, ಮತ್ತೆ ತರ್ತಾ ಇರುತ್ತೆ. ಅದೇ ಗರಗರ ಸದ್ದು."

ನಾನು ಎದ್ದು ನಿಂತುಬಿಟ್ಟೆ. "ಅಯ್ಯೋ ಲಹರಿ, ಅವನು ಇದನ್ನ ಹೋಟೆಲ್‌ಗೆ ಅಂತ ತಂದಿದ್ದಾನೆ ಕಣೇ! ಹೋಟೆಲ್‌ಗೆ ಒಬ್ಬೊಬ್ಬರಾಗಿ ಬರ್ತಾರೆ, ಒಬ್ಬೊಬ್ಬರಿಗೆ ಬಡಿಸಿದ್ರೆ ಆಯ್ತು. ನಮ್ಮದು ಮದುವೆ ಮನೆ ಪಂಕ್ತಿ. ಎಲೆ ಹಾಕಿದ ಮೇಲೆ ಇಡೀ ಸಾಲಿಗೆ ಅನ್ನ ಒಟ್ಟಿಗೇ ಬೀಳಬೇಕು. ಭಟ್ಟರು ಒಬ್ಬರೇ ಇದ್ರೂ ಪರವಾಗಿಲ್ಲ, ಕಟ್ಟೆ ಉದ್ದ ಇರಬೇಕು!"

"ಹಾಗೇ ಅಡಿಗೆ ಮನೆ ಬಾಗಿಲೂ ಅಗಲ ಇರಬೇಕು" ಎಂದು ಲಹರಿಯೂ ಎದ್ದಳು. ಅವಳ ಕಣ್ಣು ಹೊಳೆಯುತ್ತಿತ್ತು. "ಈಗ ಇಪ್ಪತ್ತು ಜನದ ಸಾಮಾನೂ ಒಂದು ಸಣ್ಣ ಬಾಗಿಲಲ್ಲಿ ನುಗ್ತಾ ಇದೆ. ಸರ್ವರ್ ಕಡೆ ವೈರಿಗೆ ಜೋರಾದ ಗಿಗಾಬಿಟ್ ಕಾರ್ಡ್ ಹಾಕಿ, ವೈರೆಲ್ಲಾ ಸೇರೋ ಈ ಹಬ್ ಡಬ್ಬಿ ಕಿತ್ತು, ಒಬ್ಬೊಬ್ಬರಿಗೂ ಬೇರೆ ದಾರಿ ಕೊಡೋ ಒಳ್ಳೇ ಸ್ವಿಚ್ ಹಾಕಬೇಕು. ಉಗ್ರಾಣಾನೂ ಎರಡು ಮಾಡೋಣ, ಒಂದು ಕೆಟ್ರೆ ಇನ್ನೊಂದು ಇರ್ಲಿ. ಮೇಡಂ, ಎರಡನೇ ಪ್ರೊಸೆಸರ್ ಬಿಟ್ರೆ, ಆ ಕಂಪನಿ ಹೆಸರು ಬಿಟ್ರೆ, ಅದೇ ದುಡ್ಡಲ್ಲಿ ಇಷ್ಟೂ ಬರುತ್ತೆ!"

ಆಮೇಲೆ ನೋಡಿ ನಮ್ಮ ತಿರುಗಾಟ. ಶಿವರಾಂಪೇಟೆಯ ಒಂದು ಕಂಪ್ಯೂಟರ್ ಅಂಗಡಿಯನ್ನೂ ಬಿಡಲಿಲ್ಲ. ಒಳಗೆ ಹೋಗುವುದು, ನಾನು ಕೌಂಟರಿನ ಮೇಲೆ ಚೀಲ ಇಟ್ಟು ಕೇಳುವುದು: "ಇದರ ಮದರ್‌ಬೋರ್ಡಿಗೆ ಜಾಸ್ತಿ ಅಂದ್ರೆ ಎಷ್ಟು ಮೆಮೊರಿ ಹಿಡಿಸುತ್ತೆ? ಮೆಮೊರಿ ಪಟ್ಟಿ ಸಿಕ್ಕಿಸೋ ಸ್ಲಾಟ್ ಎಷ್ಟಿದೆ? ತೆಗೆದು ತೋರಿಸಿ."

"ಮನೆಗೆ ಅಷ್ಟೆಲ್ಲಾ ಯಾಕೆ ಆಂಟಿ?" ಎಂದ ಒಬ್ಬ.

"ಮನೆಗಲ್ಲಪ್ಪಾ, ಮದುವೆಗೆ!" ಎಂದೆ ನಾನು. ಅವನು ಪಾಪ, ಬಾಯಿ ಬಿಟ್ಟುಕೊಂಡು ನೋಡಿದ. ಲಹರಿ ಹೊರಗೆ ಬಂದು ರಸ್ತೆಯಲ್ಲಿ ನಿಂತು ನಕ್ಕಳು, ನನಗೂ ನಗು ತಡೆಯಲಿಲ್ಲ.

ಒಂದು ಕಡೆ ಬೋರ್ಡ್ ಚೆನ್ನಾಗಿತ್ತು, ಸ್ಲಾಟ್ ಕಡಿಮೆ. ಇನ್ನೊಂದು ಕಡೆ ಸ್ಲಾಟ್ ಇತ್ತು, ಆ ಬಗೆಯ ಮೆಮೊರಿ ಸಿಗಲು ಬೆಂಗಳೂರಿಗೆ ಹೇಳಿ ಕಳಿಸಬೇಕಂತೆ. ಕೆಟ್ಟಾಗ ಊರಲ್ಲೇ ಸಿಗದ ಸಾಮಾನು ಬೇಡವೇ ಬೇಡ ಎಂದು ನಾನು ಹಟ ಹಿಡಿದೆ. ಕೊನೆಗೆ ಎಲ್ಲ ಸುತ್ತಿ, ಚಪ್ಪಲಿ ಸವೆಸಿ, ವಾಪಸ್ ವಿಶ್ವನಾಥನ ಅಂಗಡಿಗೇ ಬಂದೆವು. ಬೇಕಾದ್ದೆಲ್ಲ ಅವನ ಹತ್ತಿರವೇ ಇತ್ತು. ನಾನು ಒಂದೇ ಉಸಿರಿನಲ್ಲಿ ಒಪ್ಪಿಸಿದೆ: ಒಂದೇ ಪ್ರೊಸೆಸರ್, ನಾಲ್ಕೂ ಸ್ಲಾಟ್ ತುಂಬ ಮೆಮೊರಿ, ಡಿಸ್ಕ್ ಎರಡು, ಗಿಗಾಬಿಟ್ ಕಾರ್ಡ್, ಸ್ವಿಚ್, ಕರೆಂಟ್ ಹೋದರೆ ತಡೆಯಲು ಯುಪಿಎಸ್.

ವಿಶ್ವನಾಥ್ ಕುರ್ಚಿಯಿಂದ ಎದ್ದ. "ಮೇಡಂ, ಇದನ್ನೆಲ್ಲಾ ಯಾವಾಗ ಕಲಿತ್ರಿ? ನೀವು ಎಕ್ಸ್‌ಪರ್ಟ್ ಆಗ್ಬುಟ್ರಲ್ರೀ!"

ಹೊಗಳಿಕೆಗೆ ಉಬ್ಬುವವಳಲ್ಲ ಎಂದರೆ ಸುಳ್ಳಾದೀತು. ನಾನು ಉಬ್ಬಿದೆ. "ಕಲಿಯೋಕೆ ಏನ್ರೀ ಕಷ್ಟ? ನೀವು ಆ ಕರೀದನ್ನ ವಾಪಸ್ ತಗೊಂಡು ಇದನ್ನ ಜೋಡಿಸಿಕೊಡಿ. ಇದೂ ನಿಂತುಹೋದ್ರೆ ನಿಮ್ಮ ಹುಡುಗರಿಗೇ ಕ್ಲಾಸ್ ಬಿಟ್ಟುಕೊಡ್ತೀನಿ."

"ನಿಂತುಹೋದ್ರೆ ನಾನೇ ಅಂಗಡಿ ಮುಚ್ತೀನಿ" ಎಂದ ಅವನು. ಅವನಿಗೂ ಹುಮ್ಮಸ್ಸು ಹತ್ತಿಬಿಟ್ಟಿತ್ತು. ತಾನೇ ಕೂತು ಜೋಡಿಸಿದ. ನಾನು ಪಕ್ಕದಲ್ಲೇ ನಿಂತು, ಒಂದೊಂದು ಮೆಮೊರಿ ಪಟ್ಟಿಯೂ ಕಟ್ ಎಂದು ಕೂರುವ ತನಕ ಬಿಡಲಿಲ್ಲ. ಹಾಲಿನ ಪುಡಿ ಬಣ್ಣದ ಸಾದಾ ಡಬ್ಬ. ಕಪ್ಪು ರಾಜನ ಜಾಗದಲ್ಲಿ ಅದನ್ನು ಕೂರಿಸಿದಾಗ ಗಿರಿಜಾಂಬಾ, "ಇದೇನೇ, ಇಷ್ಟೇನಾ?" ಎಂದರು. ಅವರ ಮುಖ ಸಪ್ಪಗಾಯಿತು. ಅವತ್ತು ಸಂಜೆ ಲಹರಿ ಇಪ್ಪತ್ತನ್ನೂ ಒಂದೊಂದಾಗಿ ಹಚ್ಚಿ ನೋಡಿದಳು, ಎಲ್ಲವೂ ಎದ್ದವು. ಆದರೆ ಹುಡುಗಿಯರಿಗೆ ಇನ್ನು ಬಸವ ಜಯಂತಿಗೇ ಬನ್ನಿ ಎಂದಿದ್ದೆವು, ಇಪ್ಪತ್ತನ್ನೂ ಒಟ್ಟಿಗೇ ಒತ್ತಿ ನೋಡಲು ಅಷ್ಟು ಜನ ನಮ್ಮಲ್ಲಿರಲಿಲ್ಲ.

ಬಸವ ಜಯಂತಿಯ ಬೆಳಿಗ್ಗೆ ಪೂಜೆ ಮುಗಿಯಿತು. ಗಿರಿಜಾಂಬಾ ಮಂಗಳಾರತಿ ತಟ್ಟೆಯನ್ನು ಎಲ್ಲರ ಮುಂದೆ ಹಿಡಿದು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ವಿಶ್ವನಾಥ್ ಗೋಡೆಗೆ ಒರಗಿ ಉಗುರು ಕಚ್ಚುತ್ತಿದ್ದ. ಲಹರಿ ರಜ ಹಾಕಿ ಬಂದಿದ್ದಳು, ಸರ್ವರಿನ ಮುಂದೆ ಮಂಡಿಯೂರಿ ಕೂತಿದ್ದಳು. ಇಪ್ಪತ್ತು ಹುಡುಗಿಯರು, ಇಪ್ಪತ್ತು ಪರದೆ. ನಾನು ಮೇಜಿನ ಹಿಂದೆ ನಿಂತೆ. ಇದು ಏಳದಿದ್ದರೆ ನಾನು ಮೆಟ್ಟಿಲಿಳಿದು ಕೆಳಗಿನ ಧೂಳು ಹಿಡಿದ ಯಂತ್ರಗಳ ಮಧ್ಯೆ ಕೂರಬೇಕು.

"ಕೈ ಇಟ್ಕೊಳ್ಳಿ" ಎಂದೆ. ಬೆಲ್ ಹೊಡೆದೆ.

ಪರದೆಗಳು ನಿಂತವು.

"ಏರ್ತಾ ಇದೆ" ಎಂದಳು ಲಹರಿ, ಸರ್ವರಿನ ಪರದೆ ನೋಡುತ್ತ. "ಅರ್ಧ ಕಟ್ಟೆ ತುಂಬ್ತು. ಮುಕ್ಕಾಲು. ಇನ್ನೂ ಏರ್ತಾ ಇದೆ..."

"ಗರಗರ ಅಂತಿದೆಯಾ?"

"ಇಲ್ಲ ಮೇಡಂ! ಏರೋದು ನಿಂತ್ಹೋಯ್ತು! ಜಾಗ ಇನ್ನೂ ಉಳಿದಿದೆ!"

"ಬಂತು ಮೇಡಂ!" ಎಂದು ಕಿರುಚಿದಳು ಬಿಂದುಶ್ರೀ. ಅವಳ ಪಕ್ಕದವಳದೂ ಬಂತು. ಹಿಂದಿನ ಸಾಲು, ಕಿಟಕಿ ಪಕ್ಕದ ಸಾಲು, ಪಟಪಟ ಪಟಪಟ ಬಿಳಿ ಹಾಳೆಗಳು ತೆರೆದುಕೊಂಡವು. ಇಪ್ಪತ್ತೂ! ವಿಶ್ವನಾಥ್ ಚಪ್ಪಾಳೆ ಹೊಡೆದು, "ಅಬ್ಬಾ, ಗೆದ್ದುಬುಟ್ರಿ ಮೇಡಂ!" ಎಂದು ಕೂಗಿದ. ಲಹರಿ ಎದ್ದು ಬಂದು ನನ್ನನ್ನು ತಬ್ಬಿಕೊಂಡಳು. ನಾನು ಅಷ್ಟು ಜನರ ಮುಂದೆ ಗೊಳೋ ಎಂದು ಅತ್ತುಬಿಟ್ಟೆ. ಸಂತೋಷಕ್ಕೆ ಅಳುವುದು ಅಂತ ಕೇಳಿದ್ದೆ, ಅವತ್ತೇ ನೋಡಿದ್ದು.

ಗದ್ದಲ ಇಳಿಯಿತು. ಹುಡುಗಿಯರು ಕೈ ಮಡಿಚಿಕೊಂಡು ನನ್ನತ್ತ ತಿರುಗಿದರು.

"ಮುಂದೆ ಏನ್ ಮಾಡೋದು ಮೇಡಂ?" ಎಂದು ಕೇಳಿದಳು ಬಿಂದುಶ್ರೀ.

"ಮಾರ್ಜಿನ್ ಹಾಕ್ಕೊಳ್ಳಿ" ಎಂದೆ, ಅಭ್ಯಾಸಬಲ.

"ಎಲ್ಲಿ ಹಾಕೋದು?"

"ಎಲ್ಲಿ ಅಂದ್ರೆ? ಅಷ್ಟೂ ಗೊತ್ತಾಗಲ್ವೇನೇ?" ಎಂದು ಗದರಿಕೊಂಡೇ ಅವಳ ಪಕ್ಕಕ್ಕೆ ಹೋದೆ. ಪರದೆಯ ಮೇಲ್ಗಡೆ ಇರುವೆಯಷ್ಟಷ್ಟು ಚಿತ್ರಗಳ ಸಾಲು. ಮಾರ್ಜಿನ್ ಸರಿಸುವ ಹಿಡಿ ಎಲ್ಲೂ ಇರಲಿಲ್ಲ. ನಾನು ಅತ್ತ ನೋಡಿದೆ, ಇತ್ತ ನೋಡಿದೆ. ಲಹರಿಯನ್ನು ನೋಡಿದೆ.

ಲಹರಿ ಹತ್ತಿರ ಬಂದು ಪಿಸುಗುಟ್ಟಿದಳು. "ಮೇಡಂ... ನೀವು ಇದನ್ನ ಯಾವತ್ತೂ ಉಪಯೋಗಿಸೇ ಇಲ್ವಾ?"

"ಕಲಿಸೋಕೆ ನೀನಿದ್ದೀಯಲ್ಲಾ?"

"ನಾನಾ? ನನಗೆ ದಿನಾ ಕಾಲೇಜಿದೆ! ನೀವೇ ತಾನೇ ಟೀಚರ್? ಅಂಗಡಿ ಅಂಗಡೀಲಿ ಅಷ್ಟೆಲ್ಲಾ ಮಾತಾಡ್ತಿದ್ರಿ, ನಿಮಗೆ ಚೆನ್ನಾಗಿ ಬರುತ್ತೆ ಅಂದ್ಕೊಂಡಿದ್ದೆ!"

ಶಿವ ಶಿವಾ. ಅದರ ಹೊಟ್ಟೆಯೊಳಗಿನ ಪ್ರತಿ ತುಂಡೂ ನನಗೆ ಗೊತ್ತಿತ್ತು. ಯಾವ ಸ್ಲಾಟಿಗೆ ಯಾವ ಪಟ್ಟಿ, ಯಾವ ವೈರ್ ಎಲ್ಲಿಗೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಆದರೆ ಇಷ್ಟು ದಿನದಲ್ಲಿ ಒಂದು ಸಲವೂ ಒಂದು ಕೀಬೋರ್ಡಿನ ಮುಂದೆ ಕೂತು ಒಂದಕ್ಷರ ಒತ್ತಿರಲಿಲ್ಲ. ಯಾರಿಗೂ ಅದು ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಕಿವಿಯೆಲ್ಲ ಬಿಸಿಯಾಯಿತು. ಬೈಯೋಣವೆಂದರೆ ಆ ಹಾಲಿನಲ್ಲಿ ನನ್ನನ್ನು ಬಿಟ್ಟು ಯಾರೂ ಸಿಗಲಿಲ್ಲ.

ಗಿರಿಜಾಂಬಾ ಕುರ್ಚಿ ಹಿಡಿದು ಎದ್ದರು. ಅವರು ವಿಶ್ವನಾಥನತ್ತ ನೋಡಿದಾಗ, ಮುಗಿಯಿತು, ಅವನ ಹುಡುಗರನ್ನು ಕರೆಯುತ್ತಾರೆ ಎಂದೇ ಅಂದುಕೊಂಡೆ. ಹೋಗಲಿ, ಪಂಕ್ತಿಗೆ ಬಡಿಸಿದ್ದಾಯಿತಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ.

"ಲಹರಿ, ದಿನಾ ಸಂಜೆ ಸ್ವಲ್ಪ ಹೊತ್ತು ಬಿಡುವು ಮಾಡ್ಕೊತೀಯೇನೇ?" ಎಂದರು ಅವರು. "ಹುಡುಗ್ರ ಜೊತೆ ಇವಳಿಗೂ ಕಲಿಸು. ಕಲಿಯೋ ತನಕ ಸಾಲಲ್ಲಿ ಕೂರ್ಲಿ, ಆಮೇಲೆ ಮುಂದೆ ಬಂದು ನಿಂತ್ಕೊಳ್ಳಲಿ." ನನ್ನ ಕಡೆ ತಿರುಗಿದರು. "ಏ ರಮಾ, ಅಡ್ಮಿಷನ್ ಮಾಡಿಸ್ಕೋ ಹೋಗು. ಫೀಸು ಪೂರ್ತಿ ಕಟ್ಬೇಕು. ಟೀಚರ್ ಅಂತ ಬಿಡೋದಿಲ್ಲ ನಾನು."

ಇಡೀ ಹಾಲ್ ನಕ್ಕಿತು. ವಿಶ್ವನಾಥ್ ಎಲ್ಲರಿಗಿಂತ ಜೋರಾಗಿ ನಕ್ಕ, ಅವನನ್ನು ದುರುಗುಟ್ಟಿ ನೋಡಿದೆ. ಆಮೇಲೆ ನಾನೂ ನಕ್ಕೆ.

ಇಪ್ಪತ್ತೊಂದನೇ ಕುರ್ಚಿ ಇರಲಿಲ್ಲ. ಬಿಂದುಶ್ರೀ ಎದ್ದು ತನ್ನ ಜಾಗ ಬಿಟ್ಟುಕೊಟ್ಟಳು. "ಕೂತ್ಕೊಳ್ಳಿ ಮೇಡಂ, ಹೆದರ್ಕೋಬೇಡಿ, ನಾನಿದ್ದೀನಿ" ಎಂದಳು, ಪೋರಿ! ಕೂತೆ. ಬೆನ್ನು ನೆಟ್ಟಗೆ ಮಾಡಿದೆ. ಕೀಬೋರ್ಡಿನ ಮೇಲೆ ಬೆರಳಿಟ್ಟರೆ ಅಕ್ಷರಗಳೆಲ್ಲ ಇದ್ದ ಜಾಗದಲ್ಲೇ ಇದ್ದವು. ನೋಡದೆ ಕುಟ್ಟತೊಡಗಿದೆ. ಕುಟ್ಟುವುದೇನು, ಮುಟ್ಟಿದರೆ ಸಾಕು, ಅಕ್ಷರಗಳು ಓಡುತ್ತಿದ್ದವು. ಸಾಲಿನ ಕೊನೆ ಬಂತು. ಟೈಪ್‌ರೈಟರಿನಲ್ಲಿ ಹೊಸ ಸಾಲಿಗೆ ಹೋಗಲು ಕ್ಯಾರೇಜ್ ತಳ್ಳುವಂತೆ ನನ್ನ ಎಡಗೈ ತಾನಾಗಿಯೇ ಮೇಲೆದ್ದಿತು. ಅಷ್ಟರಲ್ಲಿ ಅಕ್ಷರಗಳು ನನ್ನನ್ನು ಕೇಳದೆ ಮುಂದಿನ ಸಾಲಿಗೆ ಇಳಿದುಹೋಗಿದ್ದವು.

"ಅಯ್ಯಯ್ಯೋ, ಇಲ್ನೋಡ್ರೇ!" ಎಂದು ಕೂಗಿಬಿಟ್ಟೆ, ಎತ್ತಿದ ಕೈ ಎತ್ತಿದ ಹಾಗೇ ಇತ್ತು. "ಇದು ತಾನೇ ತಾನಾಗಿ ಕೆಳಗಿಳಿಯುತ್ತೆ ಕಣ್ರೇ!"